ಕರೆ ಮಾಡಲು ಹೆದರಬೇಡಿ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಮಳೆಗಾಲದ ಒಂದು ರಾತ್ರಿ ಎದುರು ಮನೆಯಿಂದ ಹೆಂಗಸಿನ ಚೀರಾಟ ಕೇಳಿಸಿತು. ನಾವು ನಾಲ್ಕು ಜನ ಹೊರಗೆ ಬಂದು ನಿಂತೆವು. ನಾನು 112 ಒತ್ತಬೇಕು ಅನ್ನುವಷ್ಟರಲ್ಲಿ ಪಕ್ಕದವರೊಬ್ಬರು, "ಸುಮ್ಮನಿರಿ. ನಾಳೆ ಅವಳೇ ಏನೂ ಆಗಿಲ್ಲ ಅಂದರೆ, ಸುಳ್ಳು ಕರೆ ಮಾಡಿದ್ದಕ್ಕೆ ನಿಮ್ಮನ್ನೇ ಒಳಗೆ ಹಾಕುತ್ತಾರೆ" ಅಂದರು. ನಾನು ಹೆದರಿ ಫೋನ್ ಸೆರಗಿನೊಳಗೆ ಇಟ್ಟುಕೊಂಡೆ. ಬೆಳಿಗ್ಗೆ ನಲ್ಲಿಯ ಹತ್ತಿರ ಆಕೆ ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು. "ರಾತ್ರಿ ನಿಮಗೆ ಕೇಳಿಸಲಿಲ್ಲವಾ ಅಕ್ಕಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನು ನಿಜವಾಗಿ ಏನು ಹೇಳುತ್ತದೆ ಎಂದು ಆಮೇಲೆ ತಿಳಿದುಕೊಂಡೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಸುಳ್ಳು ಕರೆ ಅಪರಾಧ, ನಿಜ. ಮೊದಲು ಇದು ಭಾರತ ದಂಡ ಸಂಹಿತೆಯ 182ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಲ್ಲಿದೆ. ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಂಥ ಕಾನೂನು ಬೇಕು ಕೂಡ. ಹುಡುಗರು ತಮಾಷೆಗೆ ಕರೆ ಮಾಡಿದಾಗ, ಹಗೆಗೆ ಯಾರದೋ ಮನೆಗೆ ಪೊಲೀಸರನ್ನು ಕಳಿಸಿದಾಗ, ಇನ್ನೊಬ್ಬ ತಂಗಿಗೆ ಸಿಗಬೇಕಾದ ಸಮಯ ಹಾಳಾಗುತ್ತದೆ.

ಆದರೆ ಕಲಮಿನ ಒಳಗೆ ಒಂದು ಮುಖ್ಯ ಮಾತಿದೆ. ಹೇಳುವ ಸಂಗತಿ ಸುಳ್ಳು ಎಂದು ಹೇಳುವವರಿಗೇ ಗೊತ್ತಿರಬೇಕು, ಅಥವಾ ಅವರು ಹಾಗೆ ನಂಬಿರಬೇಕು. ನೀವು ಚೀರಾಟ ಕೇಳಿ, ಹೊಡೆತ ಬೀಳುತ್ತಿದೆ ಎಂದು ನಂಬಿ ಕರೆ ಮಾಡಿದರೆ ಅದು ಅಪರಾಧವಲ್ಲ. ಪೊಲೀಸರು ಬರುವ ಹೊತ್ತಿಗೆ ಜಗಳ ನಿಂತಿರಲಿ, ಆಕೆ ಹೆದರಿ "ಏನೂ ಇಲ್ಲ" ಅನ್ನಲಿ, ನೀವು ಸುಳ್ಳುಗಾರರಾಗುವುದಿಲ್ಲ.

ಇನ್ನೊಂದು. "ನಿನ್ನ ಮೇಲೆ ಸುಳ್ಳು ಕರೆಯ ಕೇಸು ಹಾಕುತ್ತೇನೆ" ಎಂದು ಗಂಡ ಹೆದರಿಸಬಹುದು. ಈ ಕಲಮಿನ ಕೆಳಗೆ ಅವನು ತಾನಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಸುಳ್ಳು ಮಾಹಿತಿ ಪಡೆದ ಅಧಿಕಾರಿ, ಇಲ್ಲವೇ ಅವರ ಮೇಲಧಿಕಾರಿ, ಇಲ್ಲವೇ ಅವರು ಅಧಿಕಾರ ಕೊಟ್ಟ ಇನ್ನೊಬ್ಬ ಅಧಿಕಾರಿ, ಲಿಖಿತ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳುತ್ತದೆ.

ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆ ಇನ್ನೂ ಮುಂದೆ ಹೋಗಿದೆ. ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದು ಅದರ 4ನೇ ಕಲಮು ಹೇಳುತ್ತದೆ. ನೆರೆಯವರಿಗೂ, ಸಂಘದವರಿಗೂ ಇದು ಅನ್ವಯಿಸುತ್ತದೆ.

ಮಗು ಆಡುತ್ತಾ 112 ಒತ್ತಿಬಿಟ್ಟರೆ ಗಾಬರಿಯಿಂದ ಕರೆ ಕತ್ತರಿಸಬೇಡಿ. "ತಪ್ಪಾಗಿ ಬಂತು, ಎಲ್ಲ ಸರಿಯಿದೆ" ಎಂದು ಹೇಳಿ ಇಡಿ. ನಿಜವಾದ ಕರೆಯಾದರೆ ಮೊದಲು ಊರು, ಬೀದಿ, ಗುರುತು ಹೇಳಿ, ಕಥೆ ಆಮೇಲೆ. ಮಹಿಳಾ ಸಹಾಯವಾಣಿ 181 ಕೂಡ ಇದೆ.

ಮುಂದಿನ ಸಭೆಯಲ್ಲಿ ಪ್ರತಿ ಸಂಘವೂ ಈ ಎರಡು ನಂಬರುಗಳನ್ನು ಉಳಿತಾಯದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಲಿ. ಮತ್ತೆ ಯಾರಾದರೂ "ನಿಮಗೆ ಕೇಳಿಸಲಿಲ್ಲವಾ?" ಎಂದು ಕೇಳುವಂತೆ ಆಗಬಾರದು.