ಹೃದಯದ ಮಾತ್ರೆ ಮತ್ತು ಹಳದಿಯಾಗುವ ದೃಷ್ಟಿ



ಊರಿನ ಹಿರಿಯರೊಬ್ಬರು ಕಣ್ಣು ಮಂಜಾಗಿದೆ ಎಂದರೆ, ಪೊರೆ ಬಂದಿರಬೇಕೆಂದು ಭಾವಿಸಿ ಮುಂದಿನ ನೇತ್ರ ತಪಾಸಣಾ ಶಿಬಿರದ ಪಟ್ಟಿಗೆ ಅವರ ಹೆಸರು ಸೇರಿಸುವುದು ವಾಡಿಕೆ. ಬಹುಪಾಲು ಅದು ಸರಿಯೇ. ಆದರೆ ಅವರು ಹೃದಯದ ಕಾಯಿಲೆಗೆ ಮಾತ್ರೆ ಸೇವಿಸುತ್ತಿದ್ದು, ಸುಣ್ಣದ ಗೋಡೆ ಹಳದಿಯಾಗಿಯೋ ಹಸಿರಾಗಿಯೋ ತೋರುತ್ತಿದೆ, ದೀಪದ ಸುತ್ತ ಬಳೆಯಂತೆ ಬೆಳಕು ಕಾಣುತ್ತಿದೆ ಎಂದರೆ ಶಿಬಿರದ ದಿನದವರೆಗೆ ಕಾಯಲಾಗದು.

ಇಂತಹ ತೊಂದರೆಗೆ ಮುಖ್ಯವಾಗಿ ಹೆಸರಾದ ಔಷಧಿ ಡಿಗಾಕ್ಸಿನ್. ಅನಿಯಮಿತ ಹೃದಯ ಬಡಿತ ಮತ್ತು ಹೃದಯ ವೈಫಲ್ಯಕ್ಕೆ ಇದು ಇಂದಿಗೂ ಉಪಯುಕ್ತ. ಇದರ ಮೂಲ ಡಿಜಿಟಾಲಿಸ್ ಗಿಡ. ಪ್ರಮಾಣ ಮೀರಿದರೆ ವಸ್ತುಗಳು ಹಸಿರು, ಹಳದಿಯಾಗಿ ಕಾಣುವುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿಯೇ ದಾಖಲಿಸಿದ್ದಾನೆ. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಹಸಿವಾಗದಿರುವುದು, ವಾಕರಿಕೆ, ಮಂಕು, ನಾಡಿ ನಿಧಾನವಾಗುವುದು ಇತರ ಸೂಚನೆಗಳು. ಹೃದಯದ ಲಯ ಕೆಟ್ಟರೆ ಪ್ರಾಣಕ್ಕೇ ಅಪಾಯ.

ಮಾತ್ರೆ ಹೆಚ್ಚು ನುಂಗದಿದ್ದರೂ ವಿಷವೇರಬಹುದು. ಡಿಗಾಕ್ಸಿನ್ ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೂ ರಕ್ತದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯಲು ಒಂದೂವರೆಯಿಂದ ಎರಡು ದಿನ ಬೇಕು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ದುಡಿಯುವ, ಇಲ್ಲವೇ ವಾಂತಿ ಭೇದಿಯಿಂದ ಬಳಲಿದ ವೃದ್ಧರಲ್ಲಿ ಅದು ಒಳಗೇ ಶೇಖರವಾಗುತ್ತದೆ. ಕಾಲಿನ ಬಾವು ಇಳಿಸಲು ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಯಿಂದ ರಕ್ತದ ಪೊಟ್ಯಾಶಿಯಂ ಇಳಿದರೆ ಎಂದಿನ ಪ್ರಮಾಣವೇ ವಿಷವಾಗುತ್ತದೆ.

ಇನ್ನೊಂದು ಸಂಗತಿ ತೀರಾ ಸರಳ, ಆದ್ದರಿಂದಲೇ ಕಣ್ತಪ್ಪುವಂಥದ್ದು. ಈ ಮಾತ್ರೆಯನ್ನು ವಾರದಲ್ಲಿ ಐದು ದಿನ ಸೇವಿಸಿ ಎರಡು ದಿನ ಬಿಡುವಂತೆ ಅನೇಕ ವೈದ್ಯರು ಬರೆಯುತ್ತಾರೆ. ಚೀಟಿಯಲ್ಲಿ ಅದು 5/7 ಎಂದಷ್ಟೇ ಇರುತ್ತದೆ. ಓದಲು ಬಾರದ ಅಜ್ಜಿಯೊಬ್ಬರು ಏಳೂ ದಿನ ನುಂಗಿದರೆ ಅದರಲ್ಲಿ ಅವರ ತಪ್ಪೇನು?

ಕಣಗಿಲೆಯಲ್ಲಿರುವುದೂ ಇದೇ ವರ್ಗದ ವಿಷ. ಹೃದ್ರೋಗಿಗಳಿಗೆ ಅದರ ನಾಟಿ ಕಷಾಯ ಕೊಡಲೇಬಾರದು.

ಅಮಿಯೊಡರೋನ್ ಎಂಬ ಮತ್ತೊಂದು ಹೃದಯದ ಮಾತ್ರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ ಸಣ್ಣ ಕಣಗಳನ್ನು ಕೂರಿಸುತ್ತದೆ. ಸಾಮಾನ್ಯವಾಗಿ ಅದರಿಂದ ದೃಷ್ಟಿಗೆ ಹಾನಿಯಿಲ್ಲ. ದಿಢೀರನೆ ಮಸುಕಾದರೆ ಮಾತ್ರ ನೇತ್ರತಜ್ಞರು ತಡವಿಲ್ಲದೆ ನೋಡಬೇಕು. ಇದನ್ನು ಡಿಗಾಕ್ಸಿನ್ ಜೊತೆ ಸೇವಿಸಿದರೆ ಡಿಗಾಕ್ಸಿನ್ ಪ್ರಮಾಣ ರಕ್ತದಲ್ಲಿ ಏರುತ್ತದೆ.

ಹೆದರಿ ಹೃದಯದ ಮಾತ್ರೆಗಳನ್ನೆಲ್ಲ ನಿಲ್ಲಿಸುವುದೂ ಅಪಾಯವೇ. ಮುಂದಿನ ಮಾತ್ರೆ ನುಂಗುವ ಮೊದಲೇ, ಅದೇ ದಿನ, ಮನೆಯಲ್ಲಿರುವ ಎಲ್ಲ ಮಾತ್ರೆ ಚೀಟಿಗಳೊಂದಿಗೆ ರೋಗಿಯನ್ನು ವೈದ್ಯರ ಬಳಿ ಕರೆದೊಯ್ಯಬೇಕು. ಇ.ಸಿ.ಜಿ. ಮತ್ತು ರಕ್ತ ಪರೀಕ್ಷೆ ಅಗತ್ಯವಾಗುವುದರಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ ಸೂಕ್ತ. ತಲೆಸುತ್ತಿ ಬಿದ್ದರೆ 108ಕ್ಕೆ ಕರೆ ಮಾಡಬೇಕು.

ಮುಂದಿನ ನೇತ್ರ ಶಿಬಿರದ ಪಟ್ಟಿ ತಯಾರಿಸುವಾಗ ಹೆಸರು, ವಯಸ್ಸಿನ ಪಕ್ಕದಲ್ಲಿ "ಹೃದಯದ ಮಾತ್ರೆ ಇದೆಯೇ, ಯಾವುದು, ವಾರಕ್ಕೆ ಎಷ್ಟು ದಿನ" ಎಂಬ ಒಂದು ಕಲಂ ಹಾಕಿಸಿ, ಆಶಾ ಕಾರ್ಯಕರ್ತೆಯರಿಂದ ಭರ್ತಿ ಮಾಡಿಸಲು ಸದಸ್ಯರನ್ನು ಕೋರಲಾಗಿದೆ.