ಎತ್ತಿನ ಹಲ್ಲು, ಮೋಟಾರ್ ಸೈಕಲ್ಲಿನ ಆರ್‌ಸಿ

(ಕೆಂಚಾರ್ಲಹಳ್ಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲ, ಕರೆಂಟು ಇವುಗಳ ವಿಚಾರ ನನಗಿಂತ ಮುಂಚೆ ಮಾತಾಡಿದವರು ಹೇಳಿಯಾಯಿತು. ನಾನು ಮೋಟಾರ್ ಸೈಕಲ್ಲಿನ ವಿಚಾರ ಹೇಳುತ್ತೇನೆ ಅಂದಾಗ ಹಿಂದೆ ಕೂತ ಹುಡುಗರು ನಕ್ಕರು. ನಗಲಿ. ಈಗ ನಮ್ಮ ಮನೆಗಳಿಗೆ ಸಾಲ ನುಗ್ಗುತ್ತಿರುವ ಬಾಗಿಲುಗಳಲ್ಲಿ ಇದೂ ಒಂದು.

ಹೊಸ ಗಾಡಿಗೆ 80,000 ರೂಪಾಯಿ ಸಾಲ ಅಂತಿಟ್ಟುಕೊಳ್ಳಿ. ಮೂರು ವರ್ಷ, ನೂರಕ್ಕೆ 12ರ ಬಡ್ಡಿ ಅಂತಾರೆ. ಅದು ಫ್ಲಾಟ್ ಬಡ್ಡಿ ಅನ್ನೋದನ್ನು ಮಾತ್ರ ಮೆಲ್ಲಗೆ ಹೇಳುತ್ತಾರೆ. ಬಡ್ಡಿ 28,800, ಒಟ್ಟು 1,08,800, ತಿಂಗಳಿಗೆ 3,022 ರೂಪಾಯಿ ಕಂತು. ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಕೊನೇ ತಿಂಗಳವರೆಗೆ ಪೂರ್ತಿ 80,000ದ ಮೇಲೆಯೇ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ನೂರಕ್ಕೆ 21 ದಾಟುತ್ತದೆ. ಟೊಮೇಟೊ ಬೆಲೆ ಬಿದ್ದ ತಿಂಗಳು ಅಂತ ಕಂತಿಗೆ ರಜೆ ಇಲ್ಲ.

ಅದಕ್ಕೇ ಹೇಳುತ್ತೇನೆ, ಓಡಿಸೋದು ಕಲಿಯುವವರು ಕೈಯಲ್ಲಿರೋ ದುಡ್ಡಿಗೆ ಸಿಗುವ ಹಳೇ ಗಾಡಿ ತಗೊಳ್ಳಿ. ಕಲಿಯುವಾಗ ಒಂದೆರಡು ಸಲ ಬೀಳೋದು ಇದ್ದದ್ದೇ. ಸ್ಪ್ಲೆಂಡರ್ ಥರದ 100 ಸಿಸಿ ಗಾಡಿ ಸಾಕು, ಬಿಡಿಭಾಗ ಚಿಂತಾಮಣಿಯಲ್ಲೇ ಸಿಗುತ್ತವೆ. ಯೆಜ್ದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಓಡಾಡಿದವರು ಇಲ್ಲಿದ್ದೀರಿ, ಅದರ ಸದ್ದು ಕೇಳಿದರೆ ನನಗೂ ಆಸೆಯೇ. ಆದರೆ ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಕಲಿಯುವವರಿಗೆ ಆ ಹಳೇ ಗಾಡಿ ಬೇಡ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಾವೇನು ಮಾಡ್ತೀವಿ? ಹಲ್ಲು ಹಿಡಿದು ನೋಡ್ತೀವಿ, ಸುಳಿ ನೋಡ್ತೀವಿ, ನಡೆಸಿ ನೋಡ್ತೀವಿ. ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡೀತೀವಿ. ಗಾಡಿಗೆ ಮಾತ್ರ ಬಣ್ಣ ನೋಡಿ ದುಡ್ಡು ಎಣಿಸ್ತೀವಿ.

ಬೆಳಿಗ್ಗೆ ಹೊತ್ತು ಹೋಗಿ. ಮೊದಲು ಇಂಜಿನ್ ಹತ್ತಿರ ಕೈಯಿಡಿ. ಬಿಸಿ ಇದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗೋಲ್ಲ ಅಂತ ಮುಂಚೆಯೇ ಓಡಿಸಿಟ್ಟಿರಬಹುದು. ಒಂದು ಟೀ ಕುಡಿದು, ಆರಲು ಬಿಟ್ಟು, ಆಮೇಲೆ ಕಿಕ್ ಹೊಡೆಸಿ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಆಯಿಲ್ ಉರೀತಿದೆ ಅಂತ, ಇಂಜಿನ್ ಬಿಚ್ಚಬೇಕು. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚು ಹೋಗೋದಕ್ಕೆ, ಅದಕ್ಕೆ ಅಷ್ಟು ಹೆದರಬೇಕಾಗಿಲ್ಲ. ಹಿಂದಿನ ಚೈನ್ ಚಕ್ರದ ಹಲ್ಲು ಕುಡುಗೋಲಿನಂತೆ ಬಾಗಿದ್ದರೆ ಚೈನ್ ಸೆಟ್ಟಿನ ಖರ್ಚು ಬೆಲೆಯಲ್ಲಿ ಮುರಿದುಕೊಳ್ಳಿ. ಮೀಟರು ನಂಬಬೇಡಿ, ಕಾಲಿಡೋ ರಬ್ಬರು, ಗೇರ್ ಪೆಡಲ್ಲು ಎಷ್ಟು ಸವೆದಿದೆ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ, 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಕೊನೆಗೆ ಓಡಿಸಲು ಬರುವವರ ಕೈಲಿ ನೇರ ರಸ್ತೆಯಲ್ಲಿ ಓಡಿಸಿ, ನೀವು ಹಿಂದೆ ನಿಂತು ನೋಡಿ. ಎರಡೂ ಚಕ್ರ ಒಂದೇ ಗೆರೆಯಲ್ಲಿ ಹೋಗದಿದ್ದರೆ ಆ ಗಾಡಿ ಎಲ್ಲೋ ಗುದ್ದಿಸಿಕೊಂಡಿದೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ.

ಇನ್ನು ಕಾಗದಪತ್ರ. ನಾನು ಕೆಟ್ಟದ್ದು ಗಾಡಿ ಕೊಂಡಾಗ ಅಲ್ಲ, ಮಾರಿದಾಗ. ನನ್ನ ಹಳೇ ಗಾಡಿಯನ್ನು ಒಬ್ಬ ದಲ್ಲಾಳಿಗೆ ಕೊಟ್ಟೆ. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು, 'ಹೆಸರು ನಾನೇ ಬದಲಾಯಿಸ್ತೀನಿ ಬಿಡಣ್ಣ' ಅಂದ. ನಾನೂ ಬಿಟ್ಟೆ. ಎರಡು ವರ್ಷದ ಮೇಲೆ ಕೋರ್ಟಿನಿಂದ ನೋಟೀಸು ಬಂತು. ಯಾರೋ ಹುಡುಗ ಅದೇ ಗಾಡಿಯಲ್ಲಿ ಒಬ್ಬ ಮುದುಕರಿಗೆ ಗುದ್ದಿದ್ದಾನೆ. ಇನ್ಶೂರೆನ್ಸ್ ಮುಗಿದಿದೆ, ಆರ್‌ಸಿಯಲ್ಲಿ ನನ್ನ ಹೆಸರೇ ಇದೆ. ಮಾರಿದೀನಿ ಸ್ವಾಮಿ ಅಂದರೆ ಕೇಳುವವರಿಲ್ಲ. ಮೂರು ವರ್ಷ ಅಲೆದು, ಮನೆಯವರ ಸರ ಅಡವಿಟ್ಟು ರಾಜಿ ಮಾಡಿಕೊಂಡೆ. ಗಾಡಿ ಮಾರಿ ಬಂದ ದುಡ್ಡಿಗಿಂತ ಹೆಚ್ಚು ಕೊಟ್ಟೆ. ಆ ಮುದುಕರ ಕಾಲು ಮುರಿದಿತ್ತು, ಅವರ ಮೇಲೆ ನನಗೆ ಸಿಟ್ಟಿಲ್ಲ.

ಕಾನೂನು ಇರೋದೇ ಹಾಗೆ. ಒಂದು ವಾಹನ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿ ಅಪಘಾತವಾದ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಆದ್ದರಿಂದ ಮಾರುವವರಾಗಲಿ ಕೊಳ್ಳುವವರಾಗಲಿ ಫಾರಂ 29, ಫಾರಂ 30 ಎರಡನ್ನೂ ತುಂಬಿ, ಆಮೇಲೆ ಸಹಿ ಹಾಕಿ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ ಗಡುವು. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ಫಾರಂ 35 ಕೂಡ ಬೇಕು, ಇಲ್ಲದಿದ್ದರೆ ಅವನ ಸಾಲಕ್ಕೆ ನಿಮ್ಮ ಗಾಡಿ ಎಳೆದೊಯ್ಯುತ್ತಾರೆ. ಚಾಸಿ ನಂಬರ್, ಇಂಜಿನ್ ನಂಬರ್ ಬಟ್ಟೆಯಲ್ಲಿ ಒರೆಸಿ ಆರ್‌ಸಿಗೆ ಹೋಲಿಸಿ. ಮನೆಯಲ್ಲಿ ನಾವು ತೆಲುಗು ಆಡುವವರು, ಆರ್‌ಸಿ ಇರೋದು ಇಂಗ್ಲಿಷಿನಲ್ಲಿ. ಓದಿದ ಮಗಳಿದ್ದರೆ ಜೊತೆಗೆ ಕರಕೊಂಡು ಹೋಗಿ, ನಾಚಿಕೆ ಏನಿಲ್ಲ. 15 ವರ್ಷ ತುಂಬಿದ ಗಾಡಿಯಾದರೆ ನೋಂದಣಿ ಮತ್ತೆ ಮಾಡಿಸಬೇಕು, ಆ ಖರ್ಚು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಹೈಸ್ಕೂಲು ಹುಡುಗನ ಕೈಗೆ ಕೀಲಿ ಕೊಡೋ ಅಪ್ಪಂದಿರೂ ಇದ್ದೀರಿ. 2019ರ ತಿದ್ದುಪಡಿ ಪ್ರಕಾರ ಅದಕ್ಕೆ 25,000 ರೂಪಾಯಿ ದಂಡ, ಜೈಲೂ ಆಗಬಹುದು.

ಕಲಿಯೋದು ಕೊಯ್ಲಾದ ಹೊಲದಲ್ಲಿ ಕಲೀರಿ, ಕಲಿಕೆ ಲೈಸೆನ್ಸು ಮಾಡಿಸದೆ ರಸ್ತೆಗೆ ಬರಬೇಡಿ. ಮುಂದಿನ ಬ್ರೇಕಿಗೆ ಹೆದರಿ ಹಿಂದಿನದೊಂದನ್ನೇ ತುಳೀತಾರೆ, ಆಗ ಗಾಡಿ ಬೇಗ ನಿಲ್ಲೋಲ್ಲ. ಎರಡನ್ನೂ ಒಟ್ಟಿಗೆ ಮೆಲ್ಲಗೆ ಹಿಡೀಬೇಕು. ಮರಳಿನ ಮೇಲೆ, ರಸ್ತೆಗೆ ಹರಡಿದ ರಾಗಿ ಹುಲ್ಲಿನ ಮೇಲೆ ಬ್ರೇಕೇ ಹಾಕಬೇಡಿ, ಮುಂಚೆಯೇ ವೇಗ ತಗ್ಗಿಸಿ. ಹುರುಳಿ, ರಾಗಿ ತಂದು ಟಾರು ರಸ್ತೆ ಮೇಲೆ ಹಾಕೋರು ನಾವೇ ತಾನೆ? ಬೀಳೋರೂ ನಮ್ಮ ಮಕ್ಕಳೇ. ಇದನ್ನು ಯಾರೂ ವೇದಿಕೆ ಮೇಲೆ ಹೇಳೋಲ್ಲ, ನಾನು ಹೇಳಿದೆ.

ಕೊಂಡ ಮೇಲೆ ಆರೈಕೆ ಕಷ್ಟದ್ದೇನಲ್ಲ. ಹಿಂದಿನವನ ಮಾತು ಕೇಳದೆ ಮೊದಲ ದಿನವೇ ಇಂಜಿನ್ ಆಯಿಲ್ ಬದಲಾಯಿಸಿ, ಕಿಲೋಮೀಟರು ಬರೆದಿಡಿ. ಚೈನಿಗೆ ವಾರಕ್ಕೊಮ್ಮೆ ಎಣ್ಣೆ, ಒಂದು ಅಂಗುಲ ಆಡುವಷ್ಟು ಸಡಿಲ ಇರಬೇಕು. ನಮ್ಮ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತೆ, ಪೆಟ್ರೋಲ್ ಕುಡಿಯುತ್ತೆ. ಸೀಮೆಹಸುವಿನ ಕೆಚ್ಚಲು ದಿನಕ್ಕೆರಡು ಸಲ ತೊಳೆಯುವ ಮನೆಯಲ್ಲಿ ಗಾಡಿಯ ಬ್ರೇಕು ವರ್ಷಕ್ಕೊಮ್ಮೆಯೂ ಬಿಚ್ಚಿ ನೋಡೋದಿಲ್ಲ.

ಬರುವ ಭಾನುವಾರ ಬೆಳಿಗ್ಗೆ, ಡೇರಿಗೆ ಹಾಲು ಹಾಕಿದ ಮೇಲೆ, ನಾನು ಸ್ಪ್ಯಾನರ್ ಇಟ್ಟುಕೊಂಡು ಅಲ್ಲೇ ಇರ್ತೀನಿ. ಕೊಳ್ಳಬೇಕು ಅಂತ ನೋಡಿಟ್ಟಿರೋ ಗಾಡಿ ಇದ್ದರೆ ತನ್ನಿ. ಆರ್‌ಸಿಯನ್ನೂ ತನ್ನಿ, ಜೆರಾಕ್ಸ್ ಅಲ್ಲ.