ಹಂಡೆಯ ಲೆಕ್ಕ, ಗೀಸರಿನ ಲೆಕ್ಕ

(ಸಂಘದ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡಿನ ಮಾತು, ನುಡಿಯ ಮಾತು ನಡೆಯುವುದು ವಾಡಿಕೆ. 1956ನೆಯ ಇಸವಿ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದುಗೂಡಿದ ಕಥೆಯನ್ನು ನಮಗಿಂತ ಬಲ್ಲವರು ಆಗಲೇ ಹೇಳಿದ್ದಾರೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರಾದ ನಮಗೆ ಕಾರ್ಯದರ್ಶಿಗಳು ಒಪ್ಪಿಸಿರುವುದು ಸಂಸಾರದ ಒಂದು ಚಿಕ್ಕ ವಿಷಯ. ಚಳಿಗಾಲದಲ್ಲಿ ಗೀಸರು ಕೆಟ್ಟಿತೆಂದರೆ, ಅದರ ಟ್ಯಾಂಕನ್ನೋ ತಾಮ್ರದ ಸುರುಳಿಯನ್ನೋ ಬದಲಿಸುವುದು ಲಾಭವೋ, ಹೊಸ ಗೀಸರನ್ನೇ ಕೊಳ್ಳುವುದು ಲಾಭವೋ ಎಂಬುದೇ ಆ ವಿಷಯ. ಇದರಲ್ಲಿ ಹಣದ ಪ್ರಶ್ನೆಯಿದೆ. ಒಂದು ಕಡೆ ಪ್ರಾಣದ ಪ್ರಶ್ನೆಯೂ ಇದೆ. ಆದುದರಿಂದ ಅರ್ಧ ಗಂಟೆ ತಾಳ್ಮೆಯಿಂದ ಕೇಳಬೇಕೆಂದು ಬಿನ್ನಹ.

ಮೊದಲು ನಮ್ಮ ಊರುಗಳ ಬಚ್ಚಲನ್ನು ನೆನೆಯೋಣ. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ; ಕೆಳಗೆ ಸೌದೆಯೋ ತೆಂಗಿನ ಗರಿಯೋ. ಹೊರಗಿನ ಬೆಂಕಿಯ ಕಾವನ್ನು ಒಳಗಿನ ನೀರಿಗೆ ದಾಟಿಸುವುದೇ ಆ ತಾಮ್ರದ ಕೆಲಸ. ಬೆಂಕಿ ನೀರನ್ನು ಮುಟ್ಟುವಂತಿಲ್ಲ, ಹೊಗೆ ನೀರಿಗೆ ಸೇರುವಂತಿಲ್ಲ. ನಡುವೆ ಲೋಹದ ಒಂದು ಗೋಡೆ. ಇಂಗ್ಲಿಷಿನವರು ಹೀಟ್ ಎಕ್ಸ್‌ಚೇಂಜರ್ ಎಂದು ಕರೆಯುವ ಭಾಗವೂ ಇದೇ. ಅಮೆರಿಕ, ಕೆನಡಾಗಳಲ್ಲಿರುವ ನಮ್ಮ ಬಂಧುಗಳ ಮನೆಯ ನೆಲಮಾಳಿಗೆಯಲ್ಲಿ ಗಾಳಿ ಕಾಯಿಸುವ ಫರ್ನೇಸ್ ಎಂಬ ಯಂತ್ರ ಇರುತ್ತದಲ್ಲ, ಅದರ ಹೊಟ್ಟೆಯಲ್ಲಿಯೂ ಇಂಥ ಗೋಡೆಯೇ ಇದೆ. ಅದು ಬಿರುಕು ಬಿಟ್ಟರೆ ಅವರಿಗೂ ನಮ್ಮ ಚಿಂತೆಯೇ: ಭಾಗ ಬದಲಿಸೋಣವೇ, ಯಂತ್ರವನ್ನೇ ಬದಲಿಸೋಣವೇ?

ಇಲ್ಲಿಯ ಸ್ಥಿತಿ ಹೇಗಿದೆ? ನೋಯ್ಡಾ 1976ರ ಏಪ್ರಿಲ್ 17ರಂದು ಹುಟ್ಟಿದ ನಗರ. ಇಲ್ಲಿ ಗಂಗೆಯ ನೀರನ್ನೂ ಕೊಳವೆ ಬಾವಿಗಳ ನೀರನ್ನೂ ಬೆರೆಸಿ ಕೊಡುತ್ತಾರೆ. ಕೊಳವೆ ಬಾವಿಯ ಪಾಲು ಹೆಚ್ಚಾದಷ್ಟೂ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕ, 2012ರದು, ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದೆನ್ನುತ್ತದೆ. ಬೇರೆ ನೀರಿಲ್ಲದ ಕಡೆ 600ರವರೆಗೆ ಒಪ್ಪುತ್ತದೆ. ಈ ಗಡಸು ನೀರನ್ನು ಕಾಯಿಸಿದಾಗ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು, ಎಲ್ಲಕ್ಕಿಂತ ಬಿಸಿಯಾಗಿರುವ ಲೋಹದ ಮೇಲೆ ಪದರ ಪದರವಾಗಿ ಕೂರುತ್ತದೆ. ಮಲೆನಾಡಿನಿಂದ ಬಂದವರಿಗೆ ಇದು ಹೊಸದೆನಿಸಬಹುದು. ಬಯಲುಸೀಮೆಯವರಿಗೆ ಹಂಡೆಯ ತಳದ ಬಿಳಿಯ ಪದರ ಚಿಕ್ಕಂದಿನಿಂದ ಪರಿಚಿತವೇ.

ಈ ಪದರವು ವಿದ್ಯುತ್ ಗೀಸರಿನಲ್ಲಿ ಒಂದು ಬಗೆಯ ಹಾನಿ, ಗ್ಯಾಸ್ ಗೀಸರಿನಲ್ಲಿ ಇನ್ನೊಂದು ಬಗೆಯ ಹಾನಿ ಮಾಡುತ್ತದೆ. ಈ ಭೇದವನ್ನು ತಿಳಿದವರು ಕಡಿಮೆ. ಆದುದರಿಂದ ತುಸು ಬಿಡಿಸಿ ಹೇಳುತ್ತೇವೆ.

ವಿದ್ಯುತ್ ಗೀಸರಿನಲ್ಲಿ ಎಲಿಮೆಂಟು ನೀರಿನೊಳಗೇ ಮುಳುಗಿದೆ. ಅದರ ಕಾವಿಗೆ ನೀರನ್ನು ಸೇರದೆ ಬೇರೆ ದಾರಿಯಿಲ್ಲ. ಆದುದರಿಂದ ಸುಣ್ಣ ಕಟ್ಟಿದರೂ ಕರೆಂಟಿನ ಬಿಲ್ಲು ಅಷ್ಟಾಗಿ ಏರುವುದಿಲ್ಲ. 25 ಲೀಟರ್ ನೀರನ್ನು 15 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಹತ್ತಿರಹತ್ತಿರ 1 ಯೂನಿಟ್ ಬೇಕು. 2,000 ವಾಟಿನ ಎಲಿಮೆಂಟಾದರೆ ಅರ್ಧ ಗಂಟೆ. ಸುಣ್ಣ ಕಟ್ಟಿದ ಮೇಲೂ ಇದು ಬಹಳ ಬದಲಾಗದು. ಆದರೆ ಪದರದ ಒಳಗೆ ಸಿಕ್ಕಿದ ಎಲಿಮೆಂಟು ಅತಿಯಾಗಿ ಕಾದು ಒಂದು ದಿನ ಸುಟ್ಟುಹೋಗುತ್ತದೆ. ಅದನ್ನು ಬದಲಿಸುವುದು ದೊಡ್ಡ ಖರ್ಚಲ್ಲ. ದೊಡ್ಡ ಖರ್ಚು ಬರುವುದು ಟ್ಯಾಂಕು ತೂತಾದಾಗ.

ಟ್ಯಾಂಕು ತೂತಾಗಲು ಕಾರಣ ಎರಡು. ಒಂದು ತುಕ್ಕು. ಅದನ್ನು ತಡೆಯಲೆಂದೇ ತಯಾರಕರು ಟ್ಯಾಂಕಿನೊಳಗೆ ಮೆಗ್ನೀಸಿಯಮ್ಮಿನ ಒಂದು ಸರಳನ್ನು ಇಟ್ಟಿರುತ್ತಾರೆ. ಆನೋಡ್ ಎಂದು ಅದರ ಹೆಸರು. ನೀರು ಕಬ್ಬಿಣವನ್ನು ತಿನ್ನುವ ಬದಲು ಮೊದಲು ಅದನ್ನು ತಿನ್ನುತ್ತದೆ. ಹಂಫ್ರಿ ಡೇವಿ ಎಂಬ ವಿಜ್ಞಾನಿ 1824ರಲ್ಲಿ ಬ್ರಿಟಿಷ್ ನೌಕಾದಳದ ಹಡಗುಗಳ ತಾಮ್ರದ ಹೊದಿಕೆಯನ್ನು ಉಳಿಸಲು ಕಂಡುಹಿಡಿದ ಉಪಾಯವಿದು. ಮನೆಯನ್ನು ಕಾಯಲು ತಾನು ಸವೆಯುವ ಹಿರಿಯರಂತೆ ಆ ಸರಳು ಸದ್ದಿಲ್ಲದೆ ಸವೆಯುತ್ತದೆ. ಅದು ಪೂರ್ತಿ ಸವೆದ ಮೇಲೆ ಟ್ಯಾಂಕಿನ ಸರದಿ.

ಇನ್ನೊಂದು ಕಾರಣ ನೀರಿನ ಒತ್ತಡ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡವನ್ನು ಕೊಡುತ್ತದೆ. 60 ಮೀಟರ್ ಎತ್ತರದ ಗೋಪುರದ ತುದಿಯ ತೊಟ್ಟಿಯಿಂದ ನೆಲಮಟ್ಟದ ಮನೆಗೆ ನೇರವಾಗಿ ನೀರು ಇಳಿದರೆ ಒತ್ತಡ 6 ಬಾರ್. ಅದನ್ನು ತಗ್ಗಿಸುವ ವಾಲ್ವು ಕಟ್ಟಡದಲ್ಲಿ ಸರಿಯಾಗಿರಬೇಕು. ಗೀಸರಿನ ಸುರಕ್ಷಾ ವಾಲ್ವೂ ಸರಿಯಾಗಿರಬೇಕು. ಎತ್ತರದ ಕಟ್ಟಡಗಳಲ್ಲಿರುವವರು ಕೊಳ್ಳುವಾಗಲೇ ಗೀಸರು ಎಷ್ಟು ಬಾರ್ ತಾಳುತ್ತದೆಂದು ಅದರ ಮೇಲಿನ ಚೀಟಿಯನ್ನು ಓದತಕ್ಕದ್ದು.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಹೇಳುವ ಬೆಲೆಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಅಂಗಡಿಯ ಬೆಲೆಯನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ. ಲೆಕ್ಕದ ರೀತಿ ಬದಲಾಗದು.

ಹೊಸ ಗೀಸರು 9,000 ರೂಪಾಯಿ, ಅದರ ಆಯುಷ್ಯ 9 ವರ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,000 ರೂಪಾಯಿ ಬಿತ್ತು. ನಮ್ಮ ಹಳೆಯ ಗೀಸರಿನ ಟ್ಯಾಂಕು 6ನೆಯ ವರ್ಷದಲ್ಲಿ ಸೋರಿತು. ಮಿಸ್ತ್ರಿ ಬಂದು ಹೊಸ ಟ್ಯಾಂಕಿಗೆ 4,500, ಕೂಲಿಗೆ 800, ಒಟ್ಟು 5,300 ಎನ್ನುತ್ತಾನೆ. ಹೊಸದಕ್ಕೆ 9,000, ರಿಪೇರಿಗೆ 5,300. ಆದ್ದರಿಂದ 3,700 ಉಳಿಯಿತೆಂದು ಮನಸ್ಸು ಹಿಗ್ಗುತ್ತದೆ. ಆದರೆ ಟ್ಯಾಂಕು ಹೊಸದಾದರೂ ಥರ್ಮೋಸ್ಟಾಟು, ತಂತಿ, ಹೊರಮೈ ಎಲ್ಲವೂ 6 ವರ್ಷದ ಹಳೆಯವು. ಇನ್ನು 3 ವರ್ಷ ಬಾಳಿಯಾವು. 5,300ನ್ನು 3ರಿಂದ ಭಾಗಿಸಿದರೆ ವರ್ಷಕ್ಕೆ 1,767 ರೂಪಾಯಿ! ಹೊಸದು ವರ್ಷಕ್ಕೆ 1,000. ಮೂಗಿಗಿಂತ ಮೂಗುತಿ ಭಾರವೆಂಬುದು ಇದಕ್ಕೇ.

ಇದೇ ಟ್ಯಾಂಕು 2ನೆಯ ವರ್ಷದಲ್ಲಿಯೇ ಸೋರಿ, ಖಾತರಿ ದೊರೆಯದೆ ಹೋಯಿತೆನ್ನಿ. ಉಳಿದ ಆಯುಷ್ಯ 7 ವರ್ಷ. 5,300ನ್ನು 7ರಿಂದ ಭಾಗಿಸಿದರೆ 757. ಈಗ ರಿಪೇರಿಯೇ ಲಾಭ. ಆದುದರಿಂದ ಸೂತ್ರ ಇಷ್ಟೇ: ರಿಪೇರಿಯ ಖರ್ಚನ್ನು ಉಳಿದ ವರ್ಷಗಳಿಂದ ಭಾಗಿಸಿ, ಹೊಸದರ ಬೆಲೆಯನ್ನು ಅದರ ಪೂರ್ಣ ಆಯುಷ್ಯದಿಂದ ಭಾಗಿಸಿ, ಯಾವುದು ಕಡಿಮೆಯೋ ಅದು. ಹಿಂದೆ ಕೊಟ್ಟ ದುಡ್ಡು ಎಷ್ಟೆಂಬುದು ಈ ಲೆಕ್ಕಕ್ಕೆ ಬರಕೂಡದು. ಅದು ಮುಗಿದ ಖಾತೆ.

ಖಾತರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಖಾತರಿಯೆಂದರೆ ಒಂದೇ ಅಲ್ಲ. ಟ್ಯಾಂಕಿಗೆ ಇಷ್ಟು ವರ್ಷ, ಎಲಿಮೆಂಟಿಗೆ ಇಷ್ಟು, ಇಡೀ ಯಂತ್ರಕ್ಕೆ ಇಷ್ಟು ಎಂದು ಬೇರೆ ಬೇರೆ ಇರುತ್ತದೆ. ಭಾಗಕ್ಕೆ ಖಾತರಿಯಿದ್ದರೂ ಮಿಸ್ತ್ರಿಯ ಕೂಲಿಗೆ ಇಲ್ಲದಿರಬಹುದು. ಅಮೆರಿಕದ ಫರ್ನೇಸುಗಳ ಕಥೆಯೂ ಹೀಗೆಯೇ: ಲೋಹದ ಭಾಗಕ್ಕೆ ದೀರ್ಘ ಖಾತರಿ ಇದ್ದೀತು, ಬಿಚ್ಚಿ ಜೋಡಿಸುವ ಕೂಲಿ ಮನೆಯವರದೇ. ಆದುದರಿಂದ ರಸೀತಿಯನ್ನೂ ಖಾತರಿ ಪತ್ರವನ್ನೂ ಒಂದು ಫೈಲಿನಲ್ಲಿ ಕಾದಿಡಿ. ಕೊಟ್ಟ ಮಾತನ್ನು ಮಾರಾಟಗಾರರು ನಡೆಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ನಮ್ಮಲ್ಲಿ ಬಾಡಿಗೆ ಮನೆಯವರು ಬಹಳ. ಖರ್ಚು ಯಾರದು? ಕೇಂದ್ರ ಸರಕಾರವು 2021ರಲ್ಲಿ ಒಪ್ಪಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯಿದೆಯ ಪಟ್ಟಿಯಲ್ಲಿ ಗೀಸರಿನ ರಿಪೇರಿಯನ್ನು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನ ಹೆಸರಿಗೆ ಹಾಕಿದೆ. ಅದೇ ವರ್ಷ ಉತ್ತರ ಪ್ರದೇಶವೂ ತನ್ನ ಬಾಡಿಗೆ ಕಾಯಿದೆಯನ್ನು ಮಾಡಿತು. ನಲ್ಲಿಯ ವಾಷರ್ ಹಾಕಿಸುವುದಕ್ಕೂ 5,000 ರೂಪಾಯಿಯ ಟ್ಯಾಂಕು ಹಾಕಿಸುವುದಕ್ಕೂ ವ್ಯತ್ಯಾಸವಿಲ್ಲವೇ? ಇದೆ. ಆದುದರಿಂದ ಕರಾರು ಬರೆಯುವ ದಿನವೇ, ಸಣ್ಣ ರಿಪೇರಿ ನಮ್ಮದು, ಟ್ಯಾಂಕು ಅಥವಾ ಇಡೀ ಗೀಸರಿನ ಬದಲಾವಣೆ ಮನೆಯ ಒಡೆಯರದು ಎಂದು ಒಂದು ಸಾಲು ಬರೆಸಿಕೊಳ್ಳಿ. ಮನೆಗೆ ಸೇರಿದ ದಿನ ಗೀಸರು ಎಷ್ಟು ವರ್ಷದ್ದೆಂದೂ ಅದರಲ್ಲಿ ಸೇರಿಸಿ. ಬಾಯಿಮಾತಿಗೆ ಸಾಕ್ಷಿಯಿಲ್ಲ, ಬರೆದದ್ದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಗ್ಯಾಸ್ ಗೀಸರು. ಸಿಲಿಂಡರಿನದಾಗಲಿ ಕೊಳವೆಯ ಅನಿಲದ್ದಾಗಲಿ, ಅದರ ಹೃದಯವೆಂದರೆ ತಾಮ್ರದ ಸುರುಳಿ. ಒಳಗೆ ನೀರು ಹರಿಯುತ್ತದೆ. ಹೊರಗೆ ತೆಳುವಾದ ರೆಕ್ಕೆಗಳ ನಡುವೆ ಬೆಂಕಿಯ ಬಿಸಿಗಾಳಿ ಏರುತ್ತದೆ. ಇಲ್ಲಿ ಸುಣ್ಣ ಕಟ್ಟಿದರೆ ಕಾವು ನೀರಿಗೆ ಸೇರದೆ ಹೊಗೆಯೊಡನೆ ಹೊರಟುಹೋಗುತ್ತದೆ. ತಾಮ್ರ ಕಾವನ್ನು ದಾಟಿಸುವ ಶಕ್ತಿ ಸುಣ್ಣದ ಪದರದ್ದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಆದುದರಿಂದ ಇಲ್ಲಿ ಅನಿಲದ ಬಿಲ್ಲು ಏರುತ್ತದೆ, ನೀರು ಬೆಚ್ಚಗೂ ಆಗುವುದಿಲ್ಲ.

ಇದು ಹಣದ ಮಾತಾಯಿತು. ಪ್ರಾಣದ ಮಾತು ಹೊರಗಿನ ರೆಕ್ಕೆಗಳದು. ಅವುಗಳ ನಡುವೆ ಮಸಿ ಕಟ್ಟಿದರೆ ಹೊಗೆ ಮೇಲೇರುವ ದಾರಿ ಮುಚ್ಚುತ್ತದೆ, ಉರಿಗೆ ಗಾಳಿ ಸಾಲದಾಗುತ್ತದೆ. ನೀಲಿಯ ಉರಿ ಹಳದಿಗೆ ತಿರುಗುತ್ತದೆ. ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ ಅನಿಲಕ್ಕೆ ವಾಸನೆ ಬರುವಂತೆ ಕಂಪನಿಯವರು ಒಂದು ದ್ರವ್ಯವನ್ನು ಬೆರೆಸಿರುತ್ತಾರೆ; ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಎಚ್ಚರಿಕೆ ಯಾವುದೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು, ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅದು ಹಿಡಿದುಬಿಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ. ಅನಂತರ ಎಚ್ಚರ ತಪ್ಪುವುದು. ಚಳಿಗೆಂದು ಕಿಟಕಿ ಬಾಗಿಲು ಮುಚ್ಚಿದ ಬಚ್ಚಲಲ್ಲಿ ಹೀಗೆ ಪ್ರಾಣಬಿಟ್ಟವರ ಸುದ್ದಿ ಉತ್ತರ ಭಾರತದ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ.

ಆದುದರಿಂದ ಗ್ಯಾಸ್ ಗೀಸರಿಗೆ ಮೇಲಿನ ಭಾಗಾಕಾರ ಸಾಲದು. ಮೊದಲ ನಿಯಮ: ಅದು ಬಚ್ಚಲಿನೊಳಗೆ ಇರಕೂಡದು, ಗಾಳಿಯಾಡುವ ಹೊರಜಾಗದಲ್ಲಿರಬೇಕು, ಬಿಸಿನೀರು ಕೊಳವೆಯಲ್ಲಿ ಒಳಗೆ ಬರಲಿ. ಎರಡನೆಯದು: ಉರಿ ಹಳದಿಯಾದರೆ ಅಂದೇ ನಿಲ್ಲಿಸಿ ಮಿಸ್ತ್ರಿಯನ್ನು ಕರೆಸಬೇಕು. ಮೂರನೆಯದು: ತೂತಾದ ಹಳೆಯ ಸುರುಳಿಗೆ ‘ಟಾಂಕಾ’ ಹಾಕಿಕೊಡುತ್ತೇನೆಂದು ಮಿಸ್ತ್ರಿ ಹೇಳಿದರೆ ಒಪ್ಪಬೇಡಿ. ಇಂದು ಬೆಸುಗೆ ಹಾಕಿದ ಜಾಗದ ಪಕ್ಕದಲ್ಲಿ ನಾಳೆ ಇನ್ನೊಂದು ತೂತು. ಸೋರಿದ ನೀರು ಬರ್ನರಿನ ಮೇಲೆ ಬಿದ್ದು ಉರಿ ಕೆಡುತ್ತದೆ. ಸುರುಳಿಯೇ ಅದರ ದುಬಾರಿಯ ಭಾಗವಾದುದರಿಂದ ಹಳೆಯ ಯಂತ್ರಕ್ಕೆ ಹೊಸ ಸುರುಳಿ ಹಾಕಿಸುವುದಕ್ಕಿಂತ ಹೊಸದನ್ನು ಕೊಳ್ಳುವುದು ಬಹುಮಟ್ಟಿಗೆ ಲೇಸು. ಫರ್ನೇಸಿನ ಗೋಡೆ ಬಿರಿದರೆ ತೇಪೆ ಹಾಕದೆ ಬದಲಿಸುವ ಶೀತದೇಶದವರ ಕಟ್ಟುನಿಟ್ಟಿನ ಹಿಂದೆ ಇರುವುದೂ ಇದೇ ವಿಷದ ಭಯ.

ಹಾಗಾದರೆ ಖರ್ಚು ತಪ್ಪಿಸುವ ಉಪಾಯವಿಲ್ಲವೇ? ಇದೆ, ಅದನ್ನು ನಮ್ಮ ಅಜ್ಜಿಯರು ಬಲ್ಲರು. ನರಕ ಚತುರ್ದಶಿಯ ಹಿಂದಿನ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ಹಂಡೆಯನ್ನು ಇಳಿಸಿ, ತಳದ ಕರಿಯನ್ನು ಕೆರೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಒಲೆಯ ಬೂದಿ ತೆಗೆದು, ಸುಣ್ಣ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬುತ್ತಿದ್ದರು. ಅದು ಪೂಜೆಯೂ ಹೌದು, ವಾರ್ಷಿಕ ತಪಾಸಣೆಯೂ ಹೌದು. ಹುಣಸೆಯ ಹುಳಿ ಸುಣ್ಣದ ಪದರವನ್ನು ಕರಗಿಸುತ್ತಿತ್ತು. ಕರಿ ಹೋದ ತಳ ಕಾವನ್ನು ಚೆನ್ನಾಗಿ ಹಿಡಿಯುತ್ತಿತ್ತು. ವರ್ಷಕ್ಕೊಮ್ಮೆ ಹೀಗೆ ಮಾಡಿದ್ದರಿಂದಲೇ ಒಂದು ಹಂಡೆ ಮೂರು ತಲೆಮಾರಿಗೆ ಬಂದಿತು.

ನೋಯ್ಡಾದಲ್ಲಿಯೂ ನೀರು ತುಂಬುವ ಹಬ್ಬವನ್ನು ಗೀಸರಿನ ತಪಾಸಣೆಯ ದಿನವನ್ನಾಗಿ ಮಾಡಿಕೊಳ್ಳಬಾರದೇಕೆ? ವಿದ್ಯುತ್ ಸ್ವಿಚ್ಚು ತೆಗೆಸಿ, ಟ್ಯಾಂಕು ಬರಿದು ಮಾಡಿಸಿ, ಸುಣ್ಣ ತೆಗೆಸಿ, ಆನೋಡನ್ನು ನೋಡಿಸಿ, ಸವೆದಿದ್ದರೆ ಬದಲಿಸಿ, ಸುರಕ್ಷಾ ವಾಲ್ವನ್ನು ಪರೀಕ್ಷಿಸಿ. ಗ್ಯಾಸಿನದಾದರೆ ರೆಕ್ಕೆಗಳ ಮಸಿ ತೆಗೆಸಿ. ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಮೇಲೆ ಇಡಬೇಡಿ. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ.

ಇದಕ್ಕೂ ಲೆಕ್ಕ ಹಾಕೋಣ. ಎರಡು ವರ್ಷಕ್ಕೊಮ್ಮೆ ಆನೋಡಿಗೂ ಕೂಲಿಗೂ ಸೇರಿ 600 ರೂಪಾಯಿ ಎನ್ನಿ. 9 ವರ್ಷದಲ್ಲಿ ನಾಲ್ಕು ಸಲ, 2,400. ಗೀಸರಿನ 9,000 ಸೇರಿ 11,400, ವರ್ಷಕ್ಕೆ 1,267. ತಪಾಸಣೆಯಿಲ್ಲದೆ 6 ವರ್ಷಕ್ಕೇ ಟ್ಯಾಂಕು ಹೋದರೆ ವರ್ಷಕ್ಕೆ 1,500. ಉಳಿತಾಯ ಭಾರಿಯೇನಲ್ಲ, ಆದರೆ ಜನವರಿಯ ಮಂಜಿನಲ್ಲಿ ಪರೀಕ್ಷೆಗೆ ಹೊರಟ ಮಗು ತಣ್ಣೀರಲ್ಲಿ ನಡುಗುವುದು ತಪ್ಪಿತಲ್ಲ! (ಮೇಲಿನ ರಿಪೇರಿಯ ಲೆಕ್ಕದಲ್ಲಿ ಈ ಖರ್ಚು ಎರಡು ಪಕ್ಷಕ್ಕೂ ಸಮಾನವಾದುದರಿಂದ ಅಲ್ಲಿ ಬಿಟ್ಟಿದ್ದೇವೆ.)

ವರ್ಷಕ್ಕೆ 1,267 ಎಂದರೆ ತಿಂಗಳಿಗೆ ಸುಮಾರು 106 ರೂಪಾಯಿ. ವಾಣಿಜ್ಯಶಾಸ್ತ್ರದಲ್ಲಿ ಸವಕಳಿ ಎಂಬ ಮಾತಿದೆ. ವಸ್ತು ಸವೆಯುತ್ತಿರುವಾಗಲೇ ಅದರ ಬದಲಿಗೆ ಹಣ ಬೆಳೆಯುತ್ತಿರಬೇಕು. ಅಂಚೆ ಕಚೇರಿಯ ಆವರ್ತ ಠೇವಣಿ ತಿಂಗಳಿಗೆ 100 ರೂಪಾಯಿಯಿಂದ ಆರಂಭವಾಗುತ್ತದೆ. 110 ಕಟ್ಟುತ್ತ ಬಂದರೆ ಗೀಸರು ಕೆಟ್ಟ ದಿನ ಸಾಲಕ್ಕೂ ಕಂತಿಗೂ ಹೋಗಬೇಕಾಗಿಲ್ಲ. ದೂರದೂರಿಗೆ ದುಡಿಯಲು ಬಂದವರಿಗೆ ದೊಡ್ಡ ಖರ್ಚಿಗಿಂತ ದಿಢೀರನೆ ಬರುವ ಖರ್ಚೇ ಕಷ್ಟ. ಊರಿಗೆ ಕಳಿಸಬೇಕಾದ ಹಣಕ್ಕೆ ಅದು ಮೊದಲು ಕೈಹಾಕುತ್ತದೆ.

ಕೊನೆಗೆ ಸಂಘಕ್ಕೆ ಒಂದು ಸಲಹೆ. ನಮ್ಮಲ್ಲಿ ಹತ್ತಾರು ಮನೆಗಳು ಹತ್ತಿರ ಹತ್ತಿರದ ಸೆಕ್ಟರುಗಳಲ್ಲಿವೆ. ನಂಬಿಕೆಯ ಒಬ್ಬ ಮಿಸ್ತ್ರಿಯನ್ನು ಗೊತ್ತುಮಾಡಿ, ಒಟ್ಟಾಗಿ ದರ ಮಾತಾಡಿ, ದೀಪಾವಳಿಯ ಹಿಂದಿನ ವಾರ ಎಲ್ಲ ಮನೆಗಳ ತಪಾಸಣೆ ಮಾಡಿಸಬಹುದು. ಒಂಟಿಯಾಗಿರುವ ಹಿರಿಯರ ಮನೆ, ಗ್ಯಾಸ್ ಗೀಸರು ಬಚ್ಚಲಿನೊಳಗೇ ಇರುವ ಮನೆ, ಇವೆರಡು ಮೊದಲು. ಈ ವರ್ಷದ ದೀಪಾವಳಿ ಕಳೆದಿದ್ದರೂ ಚಳಿ ಇನ್ನೂ ಬಲಿತಿಲ್ಲ. ಮುಂದಿನ ಭಾನುವಾರವೇ ಆರಂಭಿಸಬಹುದು. ಹೆಸರು ಕೊಡುವವರು ಇಂದು ಊಟಕ್ಕೆ ಮುನ್ನ ಕಾರ್ಯದರ್ಶಿಗಳ ಪುಸ್ತಕದಲ್ಲಿ ಬರೆಸಬೇಕೆಂದು ಕೋರುತ್ತೇವೆ.

ಜಯ ಕರ್ನಾಟಕ.